ಕುಂಕುಮದ ಮೇಲೆ ಹೊರಿಸಿದ ತಪ್ಪು

ಪಕ್ಕದವರು ಹೊಸದೊಂದು ತಂದರು ಅಂದರೆ ನಮ್ಮ ಮನೆಯದು ತಾನಾಗಿಯೇ ಹಳೆಯದಾಗುತ್ತದೆ. ನಿನ್ನೆಯವರೆಗೆ ಸುಮ್ಮನೆ ತಿರುಗುತ್ತಿದ್ದ ಮಿಕ್ಸರ್ ಇವತ್ತು ಯಾಕೋ ಸದ್ದು ಮಾಡುತ್ತದೆ. ನಿನ್ನೆಯವರೆಗೆ ಕೋಣೆ ತುಂಬಾ ಕಾಣುತ್ತಿದ್ದ ಟಿವಿ ಇವತ್ತು ಅಂಗೈಯಷ್ಟಾಗುತ್ತದೆ. ಈ ರೋಗ ಯಾರ ಮನೆಗೆ ಬಂದಿಲ್ಲ ಹೇಳಿ. ಪುಣೆಯ ಸದಾಶಿವ ಪೇಠೆಯಲ್ಲಿರುವ ಶಿವಪುತ್ರಪ್ಪನ ಮನೆಗೂ ಬಂತು. ಅಲ್ಲಿ ಅದು ಲ್ಯಾಪ್‌ಟಾಪಿನ ರೂಪದಲ್ಲಿ ಬಂತು.

ಶಿವಪುತ್ರಪ್ಪ ಲಾರಿ ಬುಕಿಂಗ್ ಆಫೀಸಿನಲ್ಲಿ ಗುಮಾಸ್ತ. ಪುಣೆಯಿಂದ ವಿಜಯಪುರ, ಕಲಬುರಗಿ ಕಡೆಗೆ ಹೋಗುವ ಲಾರಿಯಲ್ಲಿ ಯಾರ ಮಾಲು ಇದೆ, ಎಲ್ಲಿ ಇಳಿಸಬೇಕು ಎಂದು ಬರೆದಿಡುವುದು ಅವನ ಕೆಲಸ. ಬರೆಯುವುದೆಲ್ಲ ಈಗ ಕಂಪ್ಯೂಟರಿನಲ್ಲೇ ಆದ್ದರಿಂದ ಯುಗಾದಿಗೆ ಹೊಸ ಲ್ಯಾಪ್‌ಟಾಪ್ ತಂದಿದ್ದ. ತಂದ ದಿನ ಅದಕ್ಕೆ ಸಕ್ಕರೆಯ ನೈವೇದ್ಯ ತೋರಿಸಿ, ಮನೆಯಲ್ಲಿ ಯಾರೂ ಒದ್ದೆ ಕೈಯಲ್ಲಿ ಮುಟ್ಟಬಾರದೆಂದು ಕಟ್ಟಪ್ಪಣೆ ಮಾಡಿದ್ದ.

ಹೆಂಡತಿ ಚನ್ನಬಸವ್ವ ಜೋಳದ ರೊಟ್ಟಿ ಮಾಡಿ ಮಾರುತ್ತಾಳೆ. ಪರೀಕ್ಷೆಗೆ ಓದಲು ಬಂದು ಪೇಠೆಯ ಖೋಲಿಗಳಲ್ಲಿ ಇರುವ ಹುಡುಗರೇ ಅವಳ ಗಿರಾಕಿಗಳು. ದಿನಕ್ಕೆ ನೂರು ರೊಟ್ಟಿ ಬಡಿದು ಬಡಿದು ಅವಳ ಬಲಗೈಯ ಮಣಿಕಟ್ಟು ಊದಿಕೊಂಡಿತ್ತು. ಬಡಿಯುವುದು ನಿಲ್ಲಿಸಿ ಎಂದು ಡಾಕ್ಟರು ಹೇಳಿದ್ದರು. ಅದಕ್ಕೇ ಅವಳು ರೊಟ್ಟಿ ಮಷಿನ್ ತರಬೇಕೆಂದು ಬಚತ್ ಗಟದಲ್ಲಿ, ಅಂದರೆ ಹೆಂಗಸರ ಉಳಿತಾಯದ ಗುಂಪಿನಲ್ಲಿ, ಎರಡು ವರ್ಷದಿಂದ ವಾರವಾರ ದುಡ್ಡು ಕೂಡಿಡುತ್ತಿದ್ದಳು. ಈ ದೀಪಾವಳಿಗೆ ಮಷಿನ್ ಬರುತ್ತದೆ ಎಂದು ಓಣಿಗೆಲ್ಲ ಗೊತ್ತಿತ್ತು.

ದಸರೆ ಮುಗಿದ ಮೇಲೆ ಆಫೀಸಿನ ಅಂಬಾರಾಯ ಹೊಸ ಮಾಡೆಲ್ಲಿನ ಲ್ಯಾಪ್‌ಟಾಪ್ ತಂದ. ಹಪ್ಪಳದಷ್ಟು ತೆಳ್ಳಗಿನದು, ಮುಖ ಗುರುತು ಹಿಡಿದು ತೆರೆಯುವಂಥದು.

"ಶಿವಪುತ್ರಪ್ಪನವರ, ಇಲ್ಲಿ ನೋಡ್ರಿ. ಮಾರಿ ತೋರಿಸಿದ್ರ ಸಾಕು, ತಾನ ತೆರೀತದ. ನಿಮ್ದು ಇನ್ನೂ ಬಟನ್ ಒತ್ತೂದೇನ್ರಿ?"

ಅಷ್ಟೇ ಮಾತು. ಅಂಬಾರಾಯ ಅದನ್ನು ಹೇಳಿ ಚಹಾ ಕುಡಿಯಲು ಹೋದ. ಶಿವಪುತ್ರಪ್ಪನಿಗೆ ಮಾತ್ರ ಆ ಮಾತು ಚಪ್ಪಲಿಯೊಳಗಿನ ಹರಳಿನ ಹಾಗೆ ದಿನವಿಡೀ ಚುಚ್ಚಿತು. ಮರುದಿನ ತನ್ನ ಲ್ಯಾಪ್‌ಟಾಪನ್ನು ಚೀಲದಿಂದ ತೆಗೆಯುವಾಗ ಅವನಿಗೆ ನಾಚಿಕೆಯಾಯಿತು. ಏಳು ತಿಂಗಳ ಸಾಮಾನಿಗೆ ನಾಚಿದ ಗಂಡಸು ಪೇಠೆಯಲ್ಲಿ ಇವನೊಬ್ಬನೇ ಇರಲಿಕ್ಕಿಲ್ಲ, ಆದರೆ ನಮ್ಮ ಕಥೆ ಇವನದು.

ಅಂಗಡಿಯಲ್ಲಿ ವಿಚಾರಿಸಿದ. ಹಳೆಯದು ಕೊಟ್ಟು ಹೊಸದು ಒಯ್ಯಿರಿ, ಮೇಲಿಷ್ಟು ಕೊಡಿ ಅಂದರು. ಆ ಮೇಲಿನ ದುಡ್ಡು ಎಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು. ಬಚತ್ ಗಟದಲ್ಲಿ ಹೆಂಡತಿಯ ಹೆಸರಿನಲ್ಲಿತ್ತು. ನನಗೆ ಹೊಸದು ಬೇಕಾಗಿದೆ ಎಂದು ಊದಿದ ಕೈಯವಳ ಮುಂದೆ ಹೇಳುವುದು ಹೇಗೆ? ಬೇಕು ಅನ್ನಲು ಬಾಯಿ ಬರಲಿಲ್ಲ. ಕೆಟ್ಟಿದೆ ಅನ್ನಲು ಸಲೀಸಾಗಿ ಬಂತು.

"ಲ್ಯಾಪ್‌ಟಾಪ್ ಕೆಟ್ಟದ," ಅಂದ ಸಂಜೆ, ಅಡುಗೆಮನೆ ಬಾಗಿಲಲ್ಲಿ ನಿಂತು.

ಚನ್ನಬಸವ್ವ ಹಿಟ್ಟು ನಾದುತ್ತಿದ್ದಳು. "ಅಯ್ಯ, ಯುಗಾದಿಗೆ ತಂದದ್ದಲ್ರೀ? ಏನಾಗೇದ?"

"ಭಾಳ ಬಿಸಿ ಆಗ್ತದ. ನಡಿಯೂದೇ ಇಲ್ಲ. ಒಳಗ ಏನೋ ಹೊಕ್ಕಿರಬೇಕು."

ಅವಳ ಕೈ ನಿಂತಿತು.

"ಒಳಗ ಅಂದ್ರ... ಖಂಡೇ ನವಮಿ ದಿನ ನಾ ಪೂಜಿ ಮಾಡಿದ್ನೆಲ್ರೀ. ರೊಟ್ಟಿ ಹಂಚಿನ ಬಾಜೂಕ ಅದನ್ನೂ ತೆರೆದು ಇಟ್ಟಿದ್ದೆ. ಅಕ್ಷರದ ಮ್ಯಾಲೇ ಕುಂಕುಮ ಹಚ್ಚೇನಿ, ಚೆಂಡುಹೂವಿನ ಎಸಳೂ ಹಾಕೇನಿ. ಅದ ಹೊಕ್ತೇನು ಒಳಗ?"

ನಮ್ಮ ಮಂದಿಯ ಪದ್ಧತಿ ನಿಮಗೆ ಗೊತ್ತೇ ಇದೆ. ಖಂಡೇ ನವಮಿ, ಅಂದರೆ ಆಯುಧಪೂಜೆಯ ದಿನ, ಕುಡಗೋಲಿನಿಂದ ಹಿಡಿದು ಸ್ಕೂಟರಿನವರೆಗೆ ದುಡಿದು ಅನ್ನ ಕೊಡುವ ಎಲ್ಲದಕ್ಕೂ ಪೂಜೆ. ಗಂಡನಿಗೆ ಅನ್ನ ಕೊಡುವ ಲ್ಯಾಪ್‌ಟಾಪನ್ನು ಅವಳು ಬಿಡುವಳೇ?

ಶಿವಪುತ್ರಪ್ಪ ಆಗ "ಅಲ್ಲ" ಎಂಬ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನಲ್ಲಿಯ ಕಡೆ ನೋಡುತ್ತಾ, "ಇರಬಹುದು, ಯಾರಿಗೊತ್ತು," ಅಂದ.

ಚನ್ನಬಸವ್ವ ಹಿಟ್ಟಿನ ಕೈ ಒರೆಸಿಕೊಂಡು ಹೇಳಿದಳು: "ನನ್ನ ತಪ್ಪಿಗೆ ನಿಮ್ಮ ಕೆಲಸ ಯಾಕ ಕೆಡಬೇಕು. ಮಷಿನ್ ಮುಂದಿನ ವರ್ಷ ನೋಡೂಣಂತ. ಆ ರೊಕ್ಕ ಇದಕ್ಕ ಆಗ್ಲಿ."

ಅವನಿಗೆ ಬೇಕಾದದ್ದು ಕೇಳದೆಯೇ ಸಿಕ್ಕಿತ್ತು. ಸಿಕ್ಕ ಸಂತೋಷ ಮಾತ್ರ ಅವತ್ತಿನ ಊಟದವರೆಗೂ ಉಳಿಯಲಿಲ್ಲ. ಮರುದಿನ ಬೆಳಿಗ್ಗೆ ಅವಳು ದೇವರ ಜಗಲಿಯ ಮೇಲಿನ ಲಿಂಗಕ್ಕೆ ಕೈಮುಗಿದು, ತಿರುಗಿ ಲ್ಯಾಪ್‌ಟಾಪಿಗೂ ಕೈಮುಗಿದು "ತಪ್ಪಾತು" ಅಂದದ್ದು ಅವನ ಕಿವಿಗೆ ಬಿತ್ತು. ಅದರ ಮರುದಿನವೂ ಬಿತ್ತು. ಎಂಟು ದಿನ ಬಿತ್ತು. ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಅವಳು ರೊಟ್ಟಿ ಬಡಿಯುವ ಸದ್ದು ಕೇಳುತ್ತಾ ಅವನು ಆ ರೊಟ್ಟಿಯನ್ನೇ ತಿನ್ನಬೇಕಿತ್ತು. ಅವನಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು. ಆದರೂ ಸೋಮವಾರ ಬರುತ್ತೇನೆಂದು ಅಂಗಡಿಯವನಿಗೆ ಹೇಳಿ ಬಂದಿದ್ದ. ನಾಚಿಕೆ ಒಂದು ಕಡೆ ಕೂತಿತ್ತು, ಆಸೆ ಇನ್ನೊಂದು ಕಡೆ. ಎದ್ದು ಹೋಗು ಎಂದು ಎರಡಕ್ಕೂ ಅವನು ಹೇಳಲಿಲ್ಲ.

ಶನಿವಾರ ಮಧ್ಯಾಹ್ನ ಬಚತ್ ಗಟದ ಸಭೆ ಅವರ ಮನೆಯ ಮುಂದಿನ ಪಡಸಾಲೆಯಲ್ಲೇ ಕೂಡಿತು. ದೀಪಾವಳಿ ಹತ್ತಿರ ಬಂದಿದೆ, ಎಲ್ಲರೂ ಮೊಬೈಲು, ಲ್ಯಾಪ್‌ಟಾಪು ಬದಲಾಯಿಸುವ ಮಾತಾಡುತ್ತಿದ್ದಾರೆ, ನಾಲ್ಕು ಮಾತು ಹೇಳಮ್ಮ ಎಂದು ಹೆಂಗಸರು ಶಾಲಿನಿಯನ್ನು ಕರೆದಿದ್ದರು. ಶಾಲಿನಿ ಮಂಡ್ಯದ ಹುಡುಗಿ. ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ, ಮೇಲಿನ ಮಹಡಿಯಲ್ಲಿ ಬಾಡಿಗೆಗೆ ಇದ್ದಾಳೆ, ಚನ್ನಬಸವ್ವನ ರೊಟ್ಟಿಯ ಕಾಯಂ ಗಿರಾಕಿ. ಶಿವಪುತ್ರಪ್ಪ ಒಳಕೋಣೆಯಲ್ಲಿ ಪೇಪರ್ ಹಿಡಿದು ಕೂತಿದ್ದ. ಬಾಗಿಲು ತೆರೆದಿತ್ತು.

"ಹೊಸದು ತಗೋಬೇಡಿ ಅಂತ ನಾನ್ ಹೇಳಲ್ಲ," ಅಂದಳು ಶಾಲಿನಿ. "ತಗೊಳ್ಳೋ ಮುಂಚೆ ಒಂದೇ ಒಂದು ಕೇಳ್ಕೊಳ್ಳಿ. ಇವತ್ತು ನಾನು ಮಾಡ್ಬೇಕಾಗಿರೋ ಯಾವ ಕೆಲಸ ಇದರಲ್ಲಿ ಆಗ್ತಿಲ್ಲ? ಆ ಕೆಲಸದ ಹೆಸರು ಹೇಳೋಕೆ ಆದ್ರೆ ಮುಂದಿನ ಮಾತು. ಹೇಳೋಕೆ ಆಗ್ಲಿಲ್ಲ ಅಂದ್ರೆ ಬೇಕಾಗಿರೋದು ಲ್ಯಾಪ್‌ಟಾಪ್ ಅಲ್ಲ, ಬೇರೆ ಏನೋ."

ಖಡಕಿ ಬಡಾವಣೆಯಿಂದ ಸಭೆಗೆ ಬರುವ ಮಹದೇವಮ್ಮ ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ. "ನಮ್ಮನೇದು ನಿಧಾನ ಆಗೋಗದೆ ಕಣಮ್ಮ. ನಿಧಾನ ಆಯ್ತು ಅಂದ್ರೆ ಹಳೇದಾಯ್ತು ಅಂತ ತಾನೆ?"

"ಇಲ್ಲ ಅಮ್ಮ. ಮದುವೆ ವಿಡಿಯೋ, ಗುಡ್ ಮಾರ್ನಿಂಗ್ ಫೋಟೋ ಎಲ್ಲ ತುಂಬಿಟ್ರೆ ಅದಕ್ಕೆ ಉಸಿರಾಡೋಕೆ ಜಾಗ ಎಲ್ಲಿ? ಬೇಡದ್ದು ತೆಗೀರಿ. ಆನ್ ಮಾಡಿದ ತಕ್ಷಣ ತಾವಾಗೇ ಶುರುವಾಗೋ ಪ್ರೋಗ್ರಾಮ್ ನಿಲ್ಸಿ. ಹಾಸಿಗೆ ಮೇಲಿಟ್ಟು ಬಳಸಬೇಡಿ, ಗಾಳಿ ಆಡಲ್ಲ, ಬಿಸಿ ಆಗುತ್ತೆ. ತಗೊಂಡು ವರ್ಷ ಆಗಿಲ್ಲ ಅಂದ್ರೆ ಸಾಮಾನ್ಯವಾಗಿ ಗ್ಯಾರಂಟಿ ಇರುತ್ತೆ, ಕಂಪನಿಯವರೇ ಪುಕ್ಕಟೆ ನೋಡ್ಕೊಡ್ತಾರೆ. ಹಳೇದಾಗಿದ್ರೂ ಎಷ್ಟೋ ಸಲ ಬ್ಯಾಟರಿ ಬದಲಾಯಿಸಿದ್ರೆ, ಮೆಮೊರಿ ಹಾಕಿಸಿದ್ರೆ ಇನ್ನೂ ಮೂರ್ನಾಲ್ಕು ವರ್ಷ ಓಡುತ್ತೆ."

"ಮತ್ತೆ ಕೊಟ್ಟೇಬಿಡಬೇಕು ಅಂದ್ರೆ?" ಅಂದಳು ಮಹದೇವಮ್ಮ.

"ಕೊಡೋ ಮುಂಚೆ ನಿಮಗೆ ಬೇಕಾಗಿದ್ದು ಬೇರೆ ಕಡೆ ಇಟ್ಕೊಂಡು, ಒಳಗಿರೋದೆಲ್ಲ ಪೂರ್ತಿ ಅಳಿಸಿ. ಇಲ್ಲಾಂದ್ರೆ ನಿಮ್ಮ ಆಧಾರ್ ಕಾರ್ಡು, ಮಕ್ಕಳ ಫೋಟೋ ಎಲ್ಲ ಯಾರದೋ ಕೈಗೆ ಹೋಗುತ್ತೆ. ಪೂರ್ತಿ ಕೆಟ್ಟಿದ್ದನ್ನ ಗುಜರಿಗೆ ಹಾಕ್ಬೇಡಿ. ಸುಟ್ಟರೆ ವಿಷದ ಹೊಗೆ ಬರುತ್ತೆ. ಇಂಥ ಸಾಮಾನು ತಗೊಳ್ಳೋಕೆ ಪರವಾನಗಿ ಇರೋರು ಇರ್ತಾರೆ, ಅವರಿಗೇ ಕೊಡಿ."

ಒಳಗೆ ಶಿವಪುತ್ರಪ್ಪ ಪೇಪರನ್ನು ಇನ್ನಷ್ಟು ಮೇಲಕ್ಕೆ ಹಿಡಿದ. ಅವನನ್ನು ನೋಡುವವರು ಅಲ್ಲಿ ಯಾರೂ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಗಿತ್ತು.

ಆಗ ಚನ್ನಬಸವ್ವ ಎದ್ದು ನಿಂತಳು. ಸಭೆಯಲ್ಲಿ ಎಂದೂ ಬಾಯಿ ಬಿಡದವಳು.

"ನಂದೂ ಒಂದ ಮಾತದ. ನನ್ನಂಗ ಯಾರೂ ತಪ್ಪ ಮಾಡಬ್ಯಾಡ್ರಿ. ನಾ ಖಂಡೇ ನವಮಿಗೆ ಇವರ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿ ಕೆಡಿಸಿಬಿಟ್ಟೆ. ಏಳು ತಿಂಗಳಿನ ಸಾಮಾನ್ರಿ. ಇವರು ಒಂದ ಮಾತೂ ಬೈಲಿಲ್ಲ. ಅದಕ್ಕ ನನಗ ಇನ್ನೂ ಕೆಟ್ಟ ಅನಸ್ತದ."

ಇವರು ಒಂದು ಮಾತೂ ಬೈಯಲಿಲ್ಲ. ಶಿವಪುತ್ರಪ್ಪನ ಕೈಯಲ್ಲಿದ್ದ ಪೇಪರಿನ ಅಕ್ಷರಗಳು ಮಂಜಾದವು. ಅವಳು ಅವನನ್ನು ಊರ ಮುಂದೆ ದೊಡ್ಡವನನ್ನಾಗಿ ಮಾಡುತ್ತಿದ್ದಳು, ಅದೂ ತನ್ನನ್ನು ಸಣ್ಣವಳನ್ನಾಗಿ ಮಾಡಿಕೊಂಡು.

"ತಗೊಂಡ್ ಬನ್ನಿ ಆಂಟಿ, ನೋಡೋಣ," ಅಂದಳು ಶಾಲಿನಿ.

ಚನ್ನಬಸವ್ವ ಒಳಗೆ ಬಂದು, ಹಳೆಯ ಟವೆಲ್ಲಿನಲ್ಲಿ ಸುತ್ತಿಟ್ಟಿದ್ದ ಲ್ಯಾಪ್‌ಟಾಪನ್ನು ಎತ್ತಿಕೊಂಡಳು. "ಒಯ್ಯಲಿ ಏನ್ರೀ?" ಎಂದು ಕೇಳಿದಳು. ಅವನು ಬೇಡ ಅನ್ನಲಾರದೆ ತಲೆಯಾಡಿಸಿದ.

ಶಾಲಿನಿ ಬಟನ್ ಒತ್ತಿದಳು. ಲ್ಯಾಪ್‌ಟಾಪ್ ತೆರೆಯಿತು. ಹೆಂಗಸರು ಬಗ್ಗಿ ನೋಡುತ್ತಿದ್ದರು. ಅವಳು ಪ್ರತಿ ಅಕ್ಷರವನ್ನೂ ಒತ್ತಿ ನೋಡಿದಳು, ಫ್ಯಾನಿನ ಸದ್ದಿಗೆ ಕಿವಿಯಿಟ್ಟಳು, ಸ್ವಲ್ಪ ಹೊತ್ತು ಓಡಲು ಬಿಟ್ಟು ಅಡಿಗೆ ಕೈಯಿಟ್ಟು ಬಿಸಿ ನೋಡಿದಳು. ಅಕ್ಷರಗಳ ಸಂದಿಯಿಂದ ಒಣಗಿದ ಚೆಂಡುಹೂವಿನ ಒಂದು ಎಸಳನ್ನು ಎತ್ತಿ ಚನ್ನಬಸವ್ವನ ಅಂಗೈಯಲ್ಲಿಟ್ಟಳು.

"ಇದಕ್ಕೇನೂ ಆಗಿಲ್ಲ ಆಂಟಿ. ಪೂಜೆ ಮಾಡಿ, ಆದ್ರೆ ಮುಚ್ಚಳ ಮುಚ್ಚಿ ಮೇಲೆ ಮಾಡಿ ಅಷ್ಟೆ. ಇದು ಹೊಸದರ ಹಾಗೇ ಇದೆ."

ಪಡಸಾಲೆಯಲ್ಲಿದ್ದವರೆಲ್ಲ ತೆರೆದ ಬಾಗಿಲ ಕಡೆ ನೋಡಿದರು. ಶಾಲಿನಿಗೆ ಎಲ್ಲ ತಿಳಿದುಹೋಯಿತು ಅಂತ ಕಾಣುತ್ತದೆ. ಮೆಲ್ಲಗೆ ಹೇಳಿದಳು: "ಅಪ್‌ಡೇಟ್ ಆಗ್ತಿರುವಾಗ ಒಂದೊಂದ್ಸಲ ನಿಂತ ಹಾಗಾಗುತ್ತೆ. ಅಂಕಲ್‌ಗೆ ಕೆಟ್ಟಿದೆ ಅನ್ಸಿರಬೇಕು."

ತಪ್ಪಿಸಿಕೊಳ್ಳಲು ಒಳ್ಳೆಯ ದಾರಿ ಸಿಕ್ಕಿತ್ತು. ಹೌದಮ್ಮ ಅಂದರೆ ಮುಗಿಯಿತು, ಮರ್ಯಾದೆ ಉಳಿಯಿತು. ಶಿವಪುತ್ರಪ್ಪ ಎದ್ದು ಬಾಗಿಲಿಗೆ ಬಂದ. ಹಾಗೆ ಹೇಳಬೇಕೆಂದೇ ಬಂದ.

ಚನ್ನಬಸವ್ವ ಎಸಳನ್ನು ಹಿಡಿದುಕೊಂಡು ಶಾಲಿನಿಯನ್ನು ಕೇಳುತ್ತಿದ್ದಳು: "ಹಂಗಾದ್ರ ನನ್ನಿಂದ ಕೆಟ್ಟಿಲ್ಲೇನವ್ವಾ? ಖರೇನ ನನ್ನಿಂದ ಕೆಟ್ಟಿಲ್ಲ?" ಎರಡು ಸಲ ಕೇಳಿದಳು. ಬಟ್ಟೆ ಸುತ್ತಿದ ಮಣಿಕಟ್ಟಿನಿಂದಲೇ ಕಣ್ಣೊರೆಸಿಕೊಂಡಳು.

"ಅದು ಕೆಟ್ಟೇ ಇದ್ದಿಲ್ಲ," ಅಂದ ಶಿವಪುತ್ರಪ್ಪ. "ನಾ ಸುಳ್ಳ ಹೇಳೇನಿ. ಆಫೀಸಿನ್ಯಾಗ ಒಬ್ಬಾವ ಹೊಸದು ತಂದಾನ, ಅದಕ್ಕ ನನಗೂ ಬೇಕನಿಸ್ತು. ಇಕಿ ಕುಂಕುಮ ಅಂದಾಗ ನಾ ಅಲ್ಲ ಅನಲಿಲ್ಲ. ತಪ್ಪು ಇಕಿದಲ್ಲ."

ಎಂಥ ಮಾತಿಗೂ ಉತ್ತರ ಇಟ್ಟುಕೊಂಡಿರುವ ಮಹದೇವಮ್ಮ ಕೂಡ ಸೆರಗು ಸರಿಮಾಡಿಕೊಂಡು ನೆಲ ನೋಡಿದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಚಹಾ ಕುಡಿಯದೆಯೇ ಸಭೆ ಮುಗಿಯಿತು.

ಸಂಜೆ ಚನ್ನಬಸವ್ವ ಎಂದಿನಂತೆ ರೊಟ್ಟಿ ಬಡಿದಳು. ಗಂಗಾಳದಲ್ಲಿ ಎರಡು ರೊಟ್ಟಿ ಹಾಕಿ ಅವನ ಮುಂದಿಟ್ಟ ಮೇಲೆ ಹೇಳಿದಳು.

"ಮಂದಿ ಮುಂದ ಹೇಳಿದ್ರಿ, ಚಲೋ ಆತು. ಬೇಕಾಗೇದ ಅಂತ ಮೊದಲ ನನಗ ಅಂದಿದ್ರ ಜಗಳಾ ಮಾಡ್ತಿದ್ದೆ, ಮಾಡಿ ಮುಗಸ್ತಿದ್ದೆ. ಎಂಟ ದಿನ ದೇವರ ಮುಂದ ನಿಂತು ತಪ್ಪಾತು, ತಪ್ಪಾತು ಅಂದೇನಿ. ಅದನ್ನ ಹೆಂಗ ವಾಪಸ್ ತಗೊಳ್ಳಲಿ, ಹೇಳ್ರಿ."



ಸೋಮವಾರ ಅವನು ಲ್ಯಾಪ್‌ಟಾಪಿನ ಅಂಗಡಿಗೆ ಹೋಗಲಿಲ್ಲ. ಅರ್ಧ ದಿನ ರಜೆ ಹಾಕಿ ಹೆಂಡತಿಯ ಜೊತೆ ರೊಟ್ಟಿ ಮಷಿನ್ ತರಲು ಹೋದ. ಅದನ್ನು ಮಹಡಿಯ ಮೆಟ್ಟಿಲ ಪಕ್ಕದಿಂದ ಒಳಗೆ ಹೊತ್ತು ತಂದವನೂ ಅವನೇ. ಮೊದಲ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಬಂತು. ಅದನ್ನು ಅವಳು ಅವನಿಗೇ ಹಾಕಿದಳು. ಆಫೀಸಿನಲ್ಲಿ ಅಂಬಾರಾಯ ಮತ್ತೆ ಕೇಳಿದ, ಯಾವಾಗ ಬದಲಿ ಮಾಡ್ತೀರಿ ಎಂದು.

"ನಂದು ಬಟನ್ ಒತ್ತಿದ್ರ ತೆರೀತದ, ಸಾಕು," ಅಂದ ಶಿವಪುತ್ರಪ್ಪ. "ಸದ್ಯ ಮಾರಿ ತೋರಿಸೂವಂಥ ಕೆಲಸ ನಾ ಮಾಡಿಲ್ಲ."

ಅಕ್ಕಂದಿರೇ, ಅಣ್ಣಂದಿರೇ, ಈ ಹಬ್ಬಕ್ಕೆ ನಿಮ್ಮ ಮನೆಗೂ ಹೊಸ ಮಾಡೆಲ್ಲಿನ ಜಾಹೀರಾತು ಬಂದೇ ಬರುತ್ತದೆ. ಕೈಯಲ್ಲಿರುವುದರಿಂದ ಆಗದ ಕೆಲಸ ಯಾವುದು ಎಂದು ಮೊದಲು ಕೇಳಿಕೊಳ್ಳಿ. ನಿಧಾನವಾಗಿದ್ದರೆ ಸ್ವಚ್ಛ ಮಾಡಿಸಿ, ಗ್ಯಾರಂಟಿ ಇದೆಯೇ ನೋಡಿ, ತಿಳಿದವರಿಗೆ ತೋರಿಸಿ. ನಿಜವಾಗಿ ಬೇಕಿದ್ದರೆ ಧಾರಾಳವಾಗಿ ತನ್ನಿ, ಹಳೆಯದರೊಳಗಿನದನ್ನು ಅಳಿಸಿಯೇ ಕೊಡಿ. ಕೆಟ್ಟಿದ್ದರೆ ಕೆಟ್ಟಿದೆ ಅನ್ನಿ, ಆಸೆಯಾಗಿದ್ದರೆ ಆಸೆಯಾಗಿದೆ ಅನ್ನಿ, ಎರಡನ್ನೂ ಮನೆಯವರೊಂದಿಗೆ ಕೂತು ಮಾತಾಡಿ. ಮತ್ತೆ, ಹೊಸದಕ್ಕೆ ಕೈ ಚಾಚುವ ಮೊದಲು ನಿಮ್ಮ ಮನೆಯಲ್ಲಿ ಯಾರ ಕೈ ನೋಯುತ್ತಿದೆ ಎಂದು ಒಮ್ಮೆ ತಿರುಗಿ ನೋಡಿ.