ತರಗೆಲೆಯಡಿಯ ಬೇಟೆ

ಇರುವೆಗೆ ಹೆದರಿದವರ ಕತೆಯನ್ನು ಯಾರು ಬೇಕಾದರೂ ಹೇಳಿಯಾರು. ಇದು ಇರುವೆ ಹುಡುಕಲು ಹೋಗಿ ಆನೆಗೆ ಹೆದರಿದವಳ ಕತೆ. ನಡೆದದ್ದು ನಡೆದ ಹಾಗೆಯೇ ಇದೆ, ಉಪ್ಪು ಖಾರ ಹಚ್ಚಿಲ್ಲ.

ಮೊಬೈಲ್ ಸಿಗ್ನಲ್ ಇನ್ನೂ ವನಗೂರಿನ ಗುಡ್ಡ ಹತ್ತದಿದ್ದ ಕಾಲ. ಎಂಎಸ್ಸಿ ಓದುತ್ತಿದ್ದ ಮಧುಶ್ರೀ ಅಲ್ಲಿನ ಸೋದರಮಾವನ ಕಾಫಿ ತೋಟಕ್ಕೆ ಬಂದು ವಾರವಾಗಿತ್ತು. ಅವಳಿಗೆ ಬೇಕಾಗಿದ್ದುದು ತರಗೆಲೆಯಡಿಯ ಮಣ್ಣಿನಲ್ಲಿ ಅಡಗಿ ಬದುಕುವ, ಸಾಸಿವೆ ಕಾಳಿನಷ್ಟಿರುವ ಬೇಟೆಗಾರ ಇರುವೆ. ಅದು ದವಡೆ ಅಗಲಿಸಿಕೊಂಡು ಕಾಯುತ್ತದೆ, ಹುಳ ಹತ್ತಿರ ಬಂದರೆ ಫಟ್ಟನೆ ಮುಚ್ಚುತ್ತದೆ ಎಂದು ಪುಸ್ತಕ ಹೇಳುತ್ತಿತ್ತು. ಮೇಷ್ಟ್ರು ಮಾತ್ರ, ಕಣ್ಣಾರೆ ನೋಡದೆ ಒಂದಕ್ಷರ ಬರೆಯಬೇಡ ಎಂದಿದ್ದರು. ತರಗೆಲೆ ಜರಡಿ ಹಿಡಿದರೆ ಇರುವೆಗಳೇನೋ ಬಿಳಿ ಬಟ್ಟೆಯ ಮೇಲೆ ಬೀಳುತ್ತಿದ್ದವು. ಬಿದ್ದವು ಹೆದರಿ ಕಾಲು ಮಡಚಿ, ಮಣ್ಣಿನ ಹರಳಿನಂತೆ ಸತ್ತ ನಾಟಕ ಆಡುತ್ತಿದ್ದವು. ಇನ್ನು ಬೇಟೆ ಎಲ್ಲಿಂದ ಬರಬೇಕು? ಮರುದಿನ ಬೆಳಿಗ್ಗೆಯ ಬಸ್ಸಿಗೆ ಅವಳು ಹೊರಡಬೇಕಿತ್ತು.

ಅವಳ ಓರಗೆಯವನೇ ಆದ ಮಾವನ ಮಗ ಯೋಗಾನಂದನಿಗೆ ಇದೆಲ್ಲ ತಮಾಷೆ. ಅವನ ಗಂಟಲಲ್ಲಿ ದೋಣಿಗಲ್ ಏರಿನಲ್ಲಿ ಏದುಸಿರು ಬಿಡುವ ಲಾರಿಯೂ ಇತ್ತು, ತೋಟದ ರೈಟರ್ ಸುಬ್ಬಯ್ಯನವರ ಗದರಿಕೆಯೂ ಇತ್ತು. ಆ ಮಧ್ಯಾಹ್ನ ಅವನು ಸಕಲೇಶಪುರಕ್ಕೆಂದು ಹೊರಟಿದ್ದರಿಂದ ಅವಳು ಒಬ್ಬಳೇ ಹಳ್ಳದ ಅಂಚಿಗೆ ಹೋದಳು. ಆನೆ ಓಡಾಡ್ತಾ ಐತೆ, ನೋಡ್ಕಂಡು ಹೋಗವ್ವ ಎಂದು ಕೂಲಿಯವರ ಲೈನಿನ ಬೆಟ್ಟಮ್ಮ ಎಚ್ಚರಿಸಿದ್ದಳು. ಹಿಂದಿನ ವಾರ ಪಕ್ಕದ ತೋಟದ ಸ್ಟೋರಿನ ಗೋಡೆಯನ್ನು ಆನೆ ಕೆಡವಿತ್ತು.

ಜರಡಿ ಕೈಗೆತ್ತಿಕೊಂಡಳಷ್ಟೆ, ಏಲಕ್ಕಿ ಗಿಡಗಳ ಆಚೆ ಕೊಂಬೆಯೊಂದು ಲಟಕ್ಕನೆ ಮುರಿಯಿತು. ಮಂಗವಿರಬೇಕು ಅಂದುಕೊಂಡಳು. ಇನ್ನೊಂದು ಮುರಿಯಿತು. ಆಮೇಲೆ ಪಟ್, ಪಟ್ ಎಂದು ಕಿವಿ ಬಡಿದ ಸದ್ದು. ಅದರ ಹಿಂದೆಯೇ ದೊಡ್ಡ ಹೊಟ್ಟೆಯೊಳಗಿಂದ ಬರುವಂಥ ಗುಡುಗುಡು.

ಓಡಿದರೆ ತರಗೆಲೆ ಸದ್ದು ಮಾಡುತ್ತದೆ. ಬಿದ್ದ ಮರವೊಂದರ ಮಗ್ಗುಲಿಗೆ ಕುಸಿದು, ಮುಖವನ್ನು ತರಗೆಲೆಗೆ ಒತ್ತಿ, ಕೈಕಾಲು ಮಡಚಿ ಬಿದ್ದುಕೊಂಡಳು. ಉಸಿರು ಬಿಟ್ಟರೂ ಎಲೆ ಸರಕ್ಕೆನ್ನುತ್ತಿತ್ತು. ಸದ್ದು ಹತ್ತಿರ ಬಂತು. ಈಗ ಕಾಲಿಡುತ್ತದೆ, ಈಗ ಕಾಲಿಡುತ್ತದೆ ಎಂದು ಬೆನ್ನೆಲ್ಲ ಬೆವರಿ ತಣ್ಣಗಾಯಿತು.

ಆಗ ಮೂಗಿನಿಂದ ಬೆರಳುದ್ದ ದೂರದಲ್ಲಿ, ಕೊಳೆತ ಎಲೆಯ ಅಂಚಿನಲ್ಲಿ, ಅದು ನಿಂತಿತ್ತು. ದವಡೆ ಅಗಲ ತೆರೆದಿತ್ತು. ಎದುರಿಗೆ ಬಿಳಿ ಹುಳವೊಂದು ತೆವಳಿ ಬರುತ್ತಿತ್ತು.

ಅಷ್ಟು ಹೊತ್ತಿಗೆ ಆನೆಗೆ ಕೆಮ್ಮು ಬಂತು. ಗುಡುಗುಡು ಮಾಡಿ ಮಾಡಿ ಗಂಟಲು ಕೆರೆದ, ಅಪ್ಪಟ ಯೋಗಾನಂದನ ಕೆಮ್ಮು.

ಮಧುಶ್ರೀಯ ಭಯ ಇಳಿಯಲಿಲ್ಲ, ಜಾಗ ಬದಲಿಸಿತು. ಈಗ ಮಿಸುಕಿದರೆ ಇರುವೆ ಸತ್ತಂತೆ ಬಿದ್ದುಕೊಳ್ಳುತ್ತದೆ. ವಾರದ ಕೆಲಸ ಮಣ್ಣುಪಾಲು. ಅವಳು ಕಣ್ಣನ್ನೂ ಮಿಟುಕಿಸಲಿಲ್ಲ.

ಆನೆಯ ಕಿವಿಯಂತೆ ಬಡಿದಿದ್ದ ಗೋಣಿಚೀಲ ಹಿಡಿದುಕೊಂಡೇ ಯೋಗಾನಂದ ನಗುತ್ತ ಬಂದು ಕರೆದ. ಅವಳು ಏಳಲಿಲ್ಲ. ಅವನ ನಗು ನಿಂತಿತು.

"ಮಧು, ನಾನೇ ಕಣೇ, ಆನೆ ಅಲ್ಲ." ದನಿ ಯಾರನ್ನೂ ಅಣಕಿಸದೆ ತಾನಾಗಿಯೇ ನಡುಗುತ್ತಿತ್ತು. "ಉಸಿರಾಡೇ ಮಾರಾಯ್ತಿ. ಅಪ್ಪಯ್ಯ ನನ್ನ ಇಲ್ಲೇ ಹೂತಾಕ್ಬುಡ್ತಾರೆ."

ಹುಳ ಇನ್ನೊಂದಿಷ್ಟು ಸರಿಯಿತು. ದವಡೆ ಮುಚ್ಚಿದ್ದು ಕಣ್ಣಿಗೆ ಕಾಣಲೇ ಇಲ್ಲ. ಹುಳ ಮಾತ್ರ ಅದರ ನಡುವೆ ಒದ್ದಾಡುತ್ತಿತ್ತು.

ಮಧುಶ್ರೀ ಎದ್ದು ಕೂತಳು. ಮುಖಕ್ಕಂಟಿದ ಮಣ್ಣು ಒರೆಸಿಕೊಳ್ಳುತ್ತ, ಬಿಳಿಚಿಕೊಂಡು ನಿಂತವನತ್ತ ತಿರುಗಿದಳು.

"ಹಿಡ್ದೇ ಬುಡ್ತು ಕಣೋ ಯೋಗ. ನೋಡ್ದೆ ನಾನು."

ಏನು ಹಿಡಿಯಿತೆಂದು ತಿಳಿಯದಿದ್ದರೂ, ಬದುಕಿದ್ದಾಳಲ್ಲ ಎಂದು ಅವನು ನಕ್ಕ. ಅವಳ ನಗು ಅವನದನ್ನು ಮುಳುಗಿಸಿ ಹಳ್ಳ ದಾಟಿತು. ಆಚೆ ಮೆಣಸು ಕೊಯ್ಯುತ್ತಿದ್ದವರು ಏಣಿಯ ಮೇಲೆಯೇ ತಿರುಗಿ ನೋಡಿದರು.