ಮೊಂಡ ಏಳುವ ಹೊತ್ತು

ಸದ್ದು ಕೇಳದಿರಲೆಂದು ಕುದುರೆಯ ಕಿವಿಗೆ ತುರುಕಿದ್ದ ಹತ್ತಿ ಜಾರಿದೆ, ಎಡಗಿವಿಯದು, ಅಗೋ ರಬ್ಬರ್ ನೆಲದ ಮೇಲೆ ಬಿದ್ದಿದೆ, ಡಾಕ್ಟರಿಗೆ ಕಂಡಿತೋ ಇಲ್ಲವೋ, ಹೇಳೋಣವೆಂದರೆ ಬಾಯಿ ತೆರೆಯುವಂತಿಲ್ಲ — ಅಮಲು ಇಳಿಯೋವರೆಗೂ ಯಾರೂ ಉಸಿರೆತ್ತಬೇಡಿ ಅಮ್ಮಾ, ಪರಿಚಯದ ದನಿ ಕೇಳಿದ್ರೆ ಅರೆ ಎಚ್ಚರದಲ್ಲೇ ಎದ್ದುಬಿಡ್ತಾನೆ, ಕಾಲು ಮುರಿದ್ರೆ ಆಮೇಲೆ ಒಂದೇ ಇಂಜೆಕ್ಷನ್ ಉಳಿಯೋದು ಎಂದರು, ನೋವಿಲ್ಲದೆ ಸಾಯಿಸುವ ಇಂಜೆಕ್ಷನ್, ಕುದುರೆ ಸಾಕಿದವಳಿಗೆ ಅದನ್ನು ಬಿಡಿಸಿ ಹೇಳಬೇಕೆ. ಗೋಡೆಗೆಲ್ಲ ಮೆತ್ತೆ, ಸ್ಪಿರಿಟ್ಟಿನ ವಾಸನೆ, ನಡುವೆ ನನ್ನ ಮೊಂಡ ಮಗ್ಗುಲಾಗಿ ಬಿದ್ದಿದ್ದಾನೆ, ಕಪ್ಪು ಮೈಗೆ ಪ್ಲಾಸ್ಟರಿನ ಒಂದು ಬಿಳಿ ಕಾಲು, ಅದರೊಳಗೆ ಉಕ್ಕಿನ ಪಟ್ಟಿ, ತಿರುಪು — ಗೊರಸಿನ ಮೇಲಿನ ಕೀಲು ಸವೆದುಹೋಗಿದೆ, ಎರಡು ಮೂಳೇನೂ ಸೇರಿಸಿ ಒಂದೇ ಮಾಡ್ತೀನಿ, ಅಲುಗಾಡದ ಕೀಲು ನೋಯೋದಿಲ್ಲ, ಕೂಡಿಕೊಂಡ್ರೆ ಕುಂಟದೆ ನಡೀತಾನೆ ಎಂದು ಆಪರೇಷನ್ನಿಗೆ ಮೊದಲು ಡಾಕ್ಟರು ಹೇಳಿದ್ದರು. ಸಾಕು ಬಿಡಕ್ಕ, ಅವನನ್ನ ಯಾಕೆ ಗೋಳಾಡಿಸ್ತೀಯ ಎಂದ ತಮ್ಮ, ನಾನೇ ಹಟ ಹಿಡಿದೆ, ಮೊಂಡ ಅನ್ನುವ ಹೆಸರು ನನಗೇ ಇಡಬೇಕಿತ್ತು. ಈಗ ಏಳುವಾಗ ಬೀಳದಂತೆ ಬಾಲಕ್ಕೆ ಕಟ್ಟಿದ ಹಗ್ಗ ಹಿಡಿದು ನಿಂತವನೂ ಅವನೇ, ತಲೆಯ ಹಗ್ಗ ಡಾಕ್ಟರ ಕೈಯಲ್ಲಿ, ನಾನು ಬಾಗಿಲ ಕಿಂಡಿಯಲ್ಲಿ, ಹೆದರಿಕೆ, ಬೇರೇನಲ್ಲ, ಬರೀ ಹೆದರಿಕೆ.

ಕಿವಿ ಅಲುಗಿತು, ಹತ್ತಿ ಇಲ್ಲದ್ದು, ಬಿಳಿ ಕಾಲು ಒಮ್ಮೆ ಸೆಟೆಯಿತು, ಮಲಗು ಕಣೋ, ಇನ್ನೊಂದು ಚೂರು — ಮಲಗಿದ ಕುದುರೆ ಕಂಡರೆ ಹೊಟ್ಟೆನೋವೇನೋ ಎಂದು ಎಬ್ಬಿಸಿ ನೋಡುವುದು ನಮ್ಮ ಲಾಯದ ರೂಢಿ, ದಿನಾ ಬೆಳಗ್ಗೆ ಎಬ್ಬಿಸುವವನು ತಮ್ಮ, ಅಯ್ಯೋ, ತಮ್ಮ, ಅವನ ತುಟಿ ಅಲುಗುತ್ತಿದೆ, ಬೇಡ, ಬೇಡವೋ — ಏಳೋ ಮೊಂಡಾ, ಸೂರ್ಯ ನೆತ್ತಿಗ್ ಬಂದ, ಅಂದೇಬಿಟ್ಟ, ಎಲುಬಿಲ್ಲದ ನಾಲಿಗೆ, ಮೆಲ್ಲಗೆ, ಪ್ರೀತಿಯಿಂದ, ಅಂದಮೇಲೆ ತಾನೇ ಬಾಯಿ ಮುಚ್ಚಿಕೊಂಡ. ಮೊಂಡ ಕತ್ತೆತ್ತಿದ, ಕಣ್ಣಲ್ಲಿ ಇನ್ನೂ ಅಮಲು, ಹಿಂಗಾಲು ಜಾರಿತು, ಭುಜ ಗೋಡೆಗೆ ದೊಪ್ಪೆಂದು ಬಡಿಯಿತು, ಬಾಲ ಮೇಲಕ್ಕೆಳೀರಿ, ಎಳೀರಿ ಎಂದು ಡಾಕ್ಟರು ಕೂಗುತ್ತಾರೆ, ತಮ್ಮ ಅಳುತ್ತಾ ಜಗ್ಗುತ್ತಿದ್ದಾನೆ, ಮೂರು ಕಾಲು ನಿಂತವು, ನಾಲ್ಕನೆಯದು ಗಾಳಿಯಲ್ಲಿ, ಊರಬೇಡ ಕಣೋ, ಊರದೆ ಎಷ್ಟು ಹೊತ್ತು ನಿಲ್ಲುತ್ತೀಯ, ಮೆಲ್ಲಗೆ ಊರು, ಆ ಬಿಳಿ ಕಾಲು ನಡುಗುತ್ತಿದೆ, ನೆಲಕ್ಕೆ ಒಂದು ಗೇಣು, ನಾಲ್ಕು ಬೆರಳು, ಆ ಬಿಳಿ ಕಾಲು, ಒಂದು ಬೆರಳು, ಆ ಬಿಳಿ ಕಾಲು —