ಕಿಲುಬಿನ ಮುದ್ದೆ

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ದಂತವೈದ್ಯರು ಕೆಳಗಿನ ಕ್ಲಿನಿಕ್ಕಿಗೆ ಇಳಿದು ಒಳಕೋಣೆಯ ಬಾಗಿಲು ಹಾಕಿಕೊಂಡರೆ ಸಂಜೆಯವರೆಗೆ ಯಾರ ಕೈಗೂ ಸಿಗುತ್ತಿರಲಿಲ್ಲ. ಅಲ್ಲಿ ಅವರು ರೋಮನ್ನರ ಕಾಲದ ಕಂಚಿನ ನಾಣ್ಯಗಳ ಮೈ ತೊಳೆಯುತ್ತಿದ್ದರು. ನೂರಾರು ವರ್ಷ ನೆಲದಡಿ ಮಲಗಿದ್ದ ಬಿಲ್ಲೆಗಳನ್ನು ಶುದ್ಧ ನೀರಿನಲ್ಲಿ ವಾರಗಟ್ಟಲೆ ನೆನೆಹಾಕಿ, ಹಲ್ಲಿನ ಸಂದಿ ಕೆದಕುವ ಅದೇ ಕೊಕ್ಕೆಯಿಂದ ಮಣ್ಣನ್ನು ಕಣಕಣವಾಗಿ ಬಿಡಿಸುವುದು. ಹಸಿರು ಕಿಲುಬನ್ನು ಮುಟ್ಟಬಾರದು, ಅದು ನಾಣ್ಯದ ಚರ್ಮ. ಮಣ್ಣಷ್ಟೇ ಹೋಗಬೇಕು. ಆಗ ಮೆಲ್ಲಗೆ ಒಂದು ಮೂಗು ಕಾಣಿಸಿಕೊಳ್ಳುತ್ತದೆ, ಆಮೇಲೆ ಕಿರೀಟದ ಮುಳ್ಳು, ಆಮೇಲೆ ಯಾವನೋ ಚಕ್ರವರ್ತಿಯ ದಪ್ಪ ಕತ್ತು.

"ವಾರವೆಲ್ಲ ಬದುಕಿರೋರ ಬಾಯಿ, ಭಾನುವಾರ ಸತ್ತೋರ ಮುಖ. ನಿನ್ನ ಹಣೆಬರಹ ಕಣೋ," ಎಂದು ಅಕ್ಕ ಗೊಣಗುತ್ತಿದ್ದಳು. ಗಂಡ ತೀರಿಹೋದ ಮೇಲೆ ತಮ್ಮನ ಮನೆ ಸೇರಿದ್ದ ಅವಳು ಕ್ಲಿನಿಕ್ಕಿನ ಮುಂದಿನ ಮೇಜು, ಫೋನು, ಮದುವೆಯಾಗದ ತಮ್ಮನ ಹೊಟ್ಟೆ ಮೂರನ್ನೂ ನೋಡಿಕೊಳ್ಳುತ್ತಿದ್ದಳು.

ನಾಣ್ಯಗಳನ್ನು ತಂದುಕೊಡುತ್ತಿದ್ದವರು ಇಬ್ಬರು ಗೆಳೆಯರು. ಒಬ್ಬ ಲಂಬು, ಬಾಗಿಲು ದಾಟಬೇಕಾದರೆ ತಲೆ ಬಗ್ಗಿಸಬೇಕಾಗಿದ್ದ ಮನುಷ್ಯ, ಮಾತು ಕಡಿಮೆ. ಇನ್ನೊಬ್ಬ ಬಂಗಾರಣ್ಣ. ಅವನ ಮೇಲಿನ ಎಡ ಕೋರೆಹಲ್ಲಿಗೆ ಚಿನ್ನದ ಕ್ಯಾಪ್ ಹಾಕಿದ್ದು ಇದೇ ಡಾಕ್ಟರು. "ಬಿಳಿದು ಹಾಕಿದ್ರೆ ಗೊತ್ತಾಗೋದೇ ಇಲ್ಲಪ್ಪ," ಎಂದು ಅವರು ಎಷ್ಟು ಹೇಳಿದರೂ ಕೇಳದೆ, "ಗೊತ್ತಾಗ್ಲಿ ಅಂತಲೇ ಅಲ್ವಾ ಡಾಕ್ಟ್ರೇ ಹಾಕಿಸ್ಕೊಳ್ಳೋದು!" ಎಂದು ನಕ್ಕಿದ್ದ. ಅಂದಿನಿಂದ ಊರಿಗೇ ಬಂಗಾರಣ್ಣನಾದ.

ಇಬ್ಬರೂ ಲೋಹ ಹುಡುಕುವ ಯಂತ್ರ ಹಿಡಿದು ಊರಾಚೆಯ ಉತ್ತ ಹೊಲಗಳಲ್ಲಿ ಅಲೆಯುತ್ತಿದ್ದರು. ನೆಲದಲ್ಲಿ ಸಿಕ್ಕಿದ್ದನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂಬ ಕಾನೂನು ಮೂವರಿಗೂ ಗೊತ್ತಿತ್ತು. ಡಾಕ್ಟರು ಕಂಡೂ ಕಾಣದಂತೆ ಇದ್ದುಬಿಟ್ಟಿದ್ದರು. ಒಮ್ಮೆ ಲಂಬುವನ್ನು ಪಕ್ಕಕ್ಕೆ ಕರೆದು, "ಎಂದಾದ್ರೂ ಮಡಕೆ ತುಂಬ ಸಿಕ್ಕಿದ್ರೆ ಹಾಗೇ ನನಗೆ ತಂದುಕೊಡು. ಬೇರೆ ಯಾರ ಕಣ್ಣಿಗೂ ಬೀಳೋದು ಬೇಡ," ಎಂದೂ ಹೇಳಿದ್ದರು. ಲಂಬು ಹೂಂ ಅಂದಿದ್ದ. ನಾಣ್ಯ ಸಿಗುವ ಜಾಗ ತೋರಿಸೆಂದು ಗೋಗರೆದಿದ್ದೂ ಉಂಟು. ಅದಕ್ಕೆ ಮಾತ್ರ ಲಂಬು ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ.

ಬೇಸಿಗೆಯ ಹೊತ್ತಿಗೆ ಬಂಗಾರಣ್ಣ ಕಾಣದಾದ. ಕೆಲಸ ಸಿಕ್ಕಿ ಗಡಿಯಾಚೆ ಹೋದ ಎಂದ ಲಂಬು. ಕೆಲವು ದಿನಗಳಲ್ಲಿ ಬಂಗಾರಣ್ಣನ ಹೆಂಡತಿ ಕ್ಲಿನಿಕ್ಕಿಗೆ ಬಂದಳು. ಕೂರಲಿಲ್ಲ.

"ನಿಮಗೇನಾದ್ರೂ ಫೋನ್ ಮಾಡಿದ್ರಾ ಡಾಕ್ಟ್ರೇ? ನನಗಂತೂ ಒಂದು ಮಾತೂ ಹೇಳದೆ ಹೋಗೋರಲ್ಲ ಅವರು."

"ಇಲ್ಲಮ್ಮ. ಮಾಡ್ತಾನೆ ಬಿಡಿ, ಹೊಸ ಜಾಗ," ಎಂದರು ಡಾಕ್ಟರು. ಅವಳು ಹೋದ ದಿಕ್ಕನ್ನೇ ಅಕ್ಕ ಬಹಳ ಹೊತ್ತು ನೋಡುತ್ತಿದ್ದಳು.

ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ ಲಂಬು ಒಬ್ಬನೇ ಬಂದ. ಗೋಣಿಚೀಲದಲ್ಲಿ ಸುತ್ತಿದ ತೆಂಗಿನಕಾಯಿ ಗಾತ್ರದ ಕೆಂಪು ಮಣ್ಣಿನ ಮುದ್ದೆಯೊಂದನ್ನು ಮೇಜಿನ ಮೇಲಿಟ್ಟ. ಮಡಕೆಯ ಚೂರುಗಳ ನಡುವೆ ನಾಣ್ಯಗಳು ಒಂದಕ್ಕೊಂದು ಅಂಟಿಕೊಂಡು ಹಸಿರುಗಟ್ಟಿದ್ದವು.

"ನೀವು ಕೇಳಿದ್ದು," ಎಂದಷ್ಟೇ ಹೇಳಿ ಹೊರಟುಹೋದ.

ಡಾಕ್ಟರು ಅವನ ಹಿಂದೆ ಬಾಗಿಲು ಹಾಕುವುದನ್ನೂ ಮರೆತರು. ಅಷ್ಟು ಖುಷಿ. ಮುದ್ದೆಯನ್ನು ನೀರಿಗಿಟ್ಟು, ದಿನಾ ನೀರು ಬದಲಾಯಿಸಿ, ಭಾನುವಾರ ಬರುವುದನ್ನೇ ಕಾದರು. ಮೊದಲು ಬಿಡಿಸಿಕೊಂಡ ನಾಣ್ಯದಲ್ಲಿ ಒಬ್ಬ ಸೈನಿಕ, ಕುದುರೆಯಿಂದ ಬಿದ್ದವನಿಗೆ ಈಟಿ ಚುಚ್ಚುತ್ತಿದ್ದ. ಬಿದ್ದವನು ಒಂದು ಕೈ ಮೇಲೆತ್ತಿದ್ದ. ಎರಡನೆಯದರಲ್ಲೂ ಅದೇ. ಮೂರನೆಯದನ್ನು ಬಿಡಿಸಲು ಪಕ್ಕದ ಮಣ್ಣು ಕೆದಕಿದಾಗ ಹಳದಿಯಾಗಿ ಏನೋ ಮಿನುಗಿತು.

ಕಂಚು ಹಾಗೆ ಮಿನುಗುವುದಿಲ್ಲ. ಚಿನ್ನದ ನಾಣ್ಯವೇ ಇರಬೇಕು ಎಂದುಕೊಂಡರು. ಕುಂಚದಿಂದ ಮೆಲ್ಲಗೆ ತೊಳೆದರು. ಭೂತಗನ್ನಡಿಯಡಿ ಇದ್ದದ್ದು ಒಂದು ಕೋರೆಹಲ್ಲು. ಮೇಲೆ ಚಿನ್ನದ ಕ್ಯಾಪ್. ಅದರ ಒಳಬದಿಯಲ್ಲಿ, ಕಚ್ಚುವಾಗ ತಾಗುತ್ತದೆಂದು ಬಂಗಾರಣ್ಣ ಗೊಣಗಿದ್ದಕ್ಕೆ ತಾವೇ ಓರೆಯಾಗಿ ಉಜ್ಜಿದ್ದ ಗೀರು. ಬರೆದವನಿಗೆ ತನ್ನ ಅಕ್ಷರ ಮರೆಯುತ್ತದೆಯೇ? ಹಲ್ಲಿನ ಬೇರು ತುದಿಯಲ್ಲಿ ಮುರಿದಿತ್ತು. ತಾನಾಗಿ ಉದುರಿದ್ದಲ್ಲ, ಯಾವುದೋ ಭಾರಿ ಪೆಟ್ಟಿಗೆ ಕಿತ್ತು ಬಂದದ್ದು.

"ಅಕ್ಕಾ," ಎಂದು ಕರೆದರು. ಮೇಲಿನ ಮನೆಯಲ್ಲಿದ್ದ ಅವಳಿಗೆ ಕೇಳಿಸಲಿಲ್ಲ. ಎದ್ದು ಹೋಗಿ ಕರೆತಂದರು.

ಅಕ್ಕ ನೋಡಿದಳು. ಮುಟ್ಟಲಿಲ್ಲ. "ಪೊಲೀಸರಿಗೆ ಹೇಳು," ಎಂದಳು.

"ಹೇಳಿದ್ರೆ ಇದೆಲ್ಲ..." ಡಾಕ್ಟರು ಗೋಡೆಗೊರಗಿದ್ದ ಚಪ್ಪಟೆ ಡ್ರಾಯರುಗಳ ಕಡೆ ನೋಡಿದರು. ಒಂದೊಂದು ನಾಣ್ಯವೂ ವೆಲ್ವೆಟ್ಟಿನ ಗುಳಿಯಲ್ಲಿ ಮಲಗಿತ್ತು. "ನನ್ನನ್ನೂ ಹಿಡೀತಾರೆ. ಸ್ವಲ್ಪ ಯೋಚನೆ ಮಾಡೋಣ."

"ಅವನ ಹೆಂಡತಿ ಇದೇ ಬಾಗಿಲಲ್ಲಿ ನಿಂತಿದ್ಲು. ಇನ್ನೇನು ಯೋಚನೆ ಮಾಡ್ತೀಯೋ ಮಾಡು!"

ಆ ರಾತ್ರಿ ಡಾಕ್ಟರು ಹಲ್ಲನ್ನು ಹತ್ತಿಯಲ್ಲಿ ಸುತ್ತಿಟ್ಟರು. ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡರು. ಆದರೆ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಲಂಬು ಮೆಟ್ಟಿಲ ಮೇಲೆ ಕೂತಿದ್ದ.

"ದವಡೆ ನೋವು," ಎಂದು ನೇರ ಒಳಗೆ ಬಂದು ಕುರ್ಚಿಯಲ್ಲಿ ಮಲಗಿದ. ಅವನ ಕಾಲು ಕುರ್ಚಿಯಿಂದಾಚೆ ಚಾಚಿತ್ತು. ಬೂಟಿನ ಅಂಚಿನಲ್ಲಿ ಅದೇ ಕೆಂಪು ಮಣ್ಣು. ಡಾಕ್ಟರು ಬಾಯಿ ತೆಗೆಸಿ ನೋಡಿದರು. ದವಡೆಯಲ್ಲಿ ಒಂದು ಹುಳುಕು ಇದ್ದದ್ದು ನಿಜ. ಆದರೆ ಅಷ್ಟಕ್ಕೆಲ್ಲ ಬೆಳಗ್ಗೆ ಎದ್ದು ಓಡಿಬರುವ ಆಸಾಮಿಯಲ್ಲ ಇವನು.

"ಮುದ್ದೆ ಬಿಡಿಸಿದ್ರಾ?"

"ಇನ್ನೂ ನೆನೀತಾ ಇದೆ."

"ನಾಣ್ಯ ಬಿಟ್ಟು ಬೇರೇನಾದ್ರೂ ಸಿಕ್ತಾ?"

"ಬೇರೆ ಅಂದ್ರೆ?"

ಲಂಬು ತಲೆಯ ಮೇಲಿನ ದೀಪವನ್ನೇ ನೋಡುತ್ತಿದ್ದ. "ಏನಿಲ್ಲ. ಅಲ್ಲಿ ಇನ್ನೊಂದು ಮಡಕೆ ಇದೆ ಡಾಕ್ಟ್ರೇ. ಒಬ್ಬನ ಕೈಲಿ ಆಗಲ್ಲ. ಜಾಗ ನೋಡ್ಬೇಕು ಅಂತಿದ್ರಲ್ಲ, ಇವತ್ತೇ ಬನ್ನಿ. ಅಕ್ಕನಿಗೆ ಹೇಳೋದೇನೂ ಬೇಡ."

ಎಷ್ಟೋ ವರ್ಷ ಕಾದಿದ್ದ ಮಾತು. ಈಗ ಕೇಳಿದಾಗ, ಬಂಗಾರಣ್ಣ ಹೋದದ್ದೂ ಇವನ ಜೊತೆಗೇ ಎಂಬುದು ಹೊಳೆಯಿತು. ಅದರ ಜೊತೆಗೇ, ಇನ್ನೊಂದು ಮಡಕೆ ನಿಜವಾಗಿಯೂ ಇದ್ದೀತೇ ಎಂಬ ಆಸೆಯೂ ಮಿಸುಕಾಡಿತು. ಅದು ಗೊತ್ತಾಗಿ ಡಾಕ್ಟರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

"ಬರ್ತೀನಿ," ಎಂದರು. "ಈ ಹಲ್ಲು ಮೊದಲು ಮುಗಿಸಿಬಿಡೋಣ. ಹೀಗೇ ಬಿಟ್ರೆ ದಾರೀಲಿ ಒದ್ದಾಡ್ತೀಯ." ಆಮೇಲೆ ಬಾಗಿಲ ಕಡೆ ತಿರುಗಿ, "ಅಕ್ಕಾ, ಮುಂದಿನವರಿಗೆಲ್ಲ ಫೋನ್ ಮಾಡಿಬಿಡು. ಇಲ್ಲಿ ತಡ ಆಗುತ್ತೆ," ಎಂದರು. ಬೆಳಗಿನ ಹೊತ್ತಿಗೆ ಬರಬೇಕಾದ ರೋಗಿಗಳು ಬೇರೆ ಯಾರೂ ಇರಲಿಲ್ಲ. ಅಕ್ಕ ಒಂದು ಕ್ಷಣ ತಮ್ಮನ ಮುಖ ನೋಡಿದಳು, ಬಾಗಿಲು ಎಳೆದುಕೊಂಡಳು.

ಡಾಕ್ಟರು ದವಡೆ ಮರಗಟ್ಟಲು ಸೂಜಿ ಕೊಟ್ಟರು. ಡ್ರಿಲ್ ಶುರುಮಾಡಿದರು. ಅಷ್ಟು ನಿಧಾನವಾಗಿ ಅವರು ಯಾರ ಹಲ್ಲನ್ನೂ ಕೊರೆದಿರಲಿಲ್ಲ. ಕೊರೆಯುವುದು, ನೀರು ಬಿಡುವುದು, ಉಗುಳಿಸುವುದು, ಮತ್ತೆ ಕೊರೆಯುವುದು. ನೀರು ಬಿಡಲು ಡ್ರಿಲ್ ನಿಲ್ಲಿಸಿದ ಹೊತ್ತಿನಲ್ಲೇ ಗೋಡೆಯಾಚೆಯಿಂದ ಅಕ್ಕನ ಪಿಸುದನಿ ಕೇಳಿತು: "ಹೌದು, ಇಲ್ಲೇ ಇದಾನೆ. ಬೇಗ ಬನ್ನಿ."

ಲಂಬುವಿನ ಕೈ ಮೇಲೆದ್ದು ಡಾಕ್ಟರ ಮಣಿಕಟ್ಟನ್ನು ಹಿಡಿಯಿತು. ಮೂಳೆಗೆ ಮೂಳೆ ತಾಗುವಷ್ಟು ಬಿಗಿ. ಡ್ರಿಲ್ಲು ನೆಲಕ್ಕೆ ಬಿತ್ತು. ಕೂಗಿದರೆ ಅಕ್ಕ ಒಳಗೆ ಬಂದುಬಿಡುತ್ತಾಳೆಂದು ಡಾಕ್ಟರು ಕೂಗಲಿಲ್ಲ.

"ಸಿಕ್ತು ಅಲ್ವಾ," ಎಂದ ಲಂಬು. ಮರಗಟ್ಟಿದ ತುಟಿಯಿಂದ ಜೊಲ್ಲು ಇಳಿಯುತ್ತಿತ್ತು. ಮಾತು ತೊದಲುತ್ತಿತ್ತು. "ಮಡಕೆ ಸರ್ಕಾರಕ್ಕೆ ಕೊಡೋಣ ಅಂತ ಹಟ ಹಿಡಿದ. ಹೆಸರು ಬರುತ್ತೆ, ಪೇಪರಲ್ಲಿ ಫೋಟೋ ಬರುತ್ತೆ ಅಂತ. ನಾನು ನಿಮಗೆ ಮಾತು ಕೊಟ್ಟಿದ್ದೆ. ಡಾಕ್ಟ್ರು ಕೇಳಿದಾರೆ ಕಣೋ, ಬಿಡು ಅಂದೆ. ಬಿಡಲಿಲ್ಲ. ಸಲಿಕೇಲಿ ಒಂದು ಬಿಟ್ಟೆ, ಬಾಯಿ ಒಡೆದು ಆ ಮಡಕೆ ಮೇಲೇ ಬಿದ್ದ."

ಹೊರಗೆ ಜೀಪು ನಿಂತ ಸದ್ದಾಯಿತು. ಲಂಬು ಕೈ ಸಡಿಲಿಸಿದ. ಪಕ್ಕದ ತಟ್ಟೆಯಲ್ಲಿ ಚೂಪಾದ ಸಾಮಾನುಗಳೆಲ್ಲ ಸಾಲಾಗಿದ್ದವು, ಒಂದನ್ನೂ ಮುಟ್ಟಲಿಲ್ಲ. ಎದೆಯ ಮೇಲಿದ್ದ ಬಟ್ಟೆಯ ತುದಿಯಿಂದ ಬಾಯಿ ಒರೆಸಿಕೊಂಡು, ಪೊಲೀಸರು ಒಳಗೆ ಬರುವವರೆಗೆ ಹಾಗೇ ಮಲಗಿದ್ದ.

ಬಂಗಾರಣ್ಣನ ದೇಹ ಅದೇ ಹೊಲದಂಚಿನ ಗುಂಡಿಯಲ್ಲಿ ಸಿಕ್ಕಿತು. ಡಾಕ್ಟರ ನಾಣ್ಯಗಳನ್ನೆಲ್ಲ ಪೊಲೀಸರು ಪೆಟ್ಟಿಗೆಗೆ ತುಂಬಿ ಒಯ್ದರು. ಕಳ್ಳಮಾಲು ಇಟ್ಟುಕೊಂಡದ್ದಕ್ಕೆ ಡಾಕ್ಟರ ಮೇಲೂ ಕೇಸಾಯಿತು. ಲಂಬು ಹೇಳಿದ್ದನ್ನೆಲ್ಲ ಅವರು ಠಾಣೆಯಲ್ಲಿ ಒಂದೂ ಬಿಡದೆ ಹೇಳಿದರು, ತಾವು ಅವನಿಗೆ ಹೇಳಿದ್ದನ್ನೂ ಸೇರಿಸಿ. ಅದು ಬಾಯಿಂದ ಬಾಯಿಗೆ ಹೋಯಿತು. ಕ್ಲಿನಿಕ್ಕಿಗೆ ಜನ ಕಡಿಮೆಯಾದರು.

ಮಣ್ಣು ಮಾಡಿ ಬಂದ ಮಾರನೆಯ ದಿನ ಬಂಗಾರಣ್ಣನ ಹೆಂಡತಿ ಬಂದಳು. ಈ ಸಲ ಕೂತಳು. ಬೈಯುತ್ತಾಳೆಂದು ಡಾಕ್ಟರು ತಲೆ ತಗ್ಗಿಸಿ ಕಾದರು.

"ಆ ಮುದ್ದೆ ತೊಳೆದ ನೀರು ಏನು ಮಾಡಿದ್ರಿ?" ಎಂದು ಕೇಳಿದಳು.

ಡಾಕ್ಟರಿಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು: ಆ ಮಣ್ಣಿನಲ್ಲಿ ಅವಳ ಗಂಡನ ರಕ್ತವೂ ಇತ್ತು. "ಸಿಂಕಿಗೆ ಸುರಿದೆ," ಎಂದರು.

"ದಿನಾನೂ?"

"ದಿನಾನೂ."

ಅವಳು ಎದ್ದು ಒಳಕೋಣೆಗೆ ಹೋಗಿ ಸಿಂಕಿನ ಮುಂದೆ ನಿಂತಳು. ತೂತಿನ ಸುತ್ತ ಕೆಂಪು ಮಣ್ಣಿನ ಗೆರೆ ಇನ್ನೂ ಅಂಟಿಕೊಂಡಿತ್ತು. ಅಕ್ಕ ಬಂದು ಅವಳ ಭುಜ ಹಿಡಿದುಕೊಂಡಳು. ಡಾಕ್ಟರು ಮಾತ್ರ ಹೊಸ್ತಿಲಿನಿಂದ ಒಳಗೆ ಕಾಲಿಡಲಾರದೆ ಅಲ್ಲೇ ನಿಂತಿದ್ದರು.